ಗಂಟೆ ಗೋಪುರದವರೆಗೆ

ನನ್ನ ತಮ್ಮ ಮತ್ತೆ ಕೆಲಸಕ್ಕೆ ಹೋಗುವುದು ಒಂದು ವಿಡಿಯೋ ಗೇಮಿನ ಮೇಲೆ ನಿಂತಿತ್ತು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬಿದೆ. ಅವನು ತಮಾಷೆಗೆ ಹೇಳಿದ್ದನೋ ಏನೋ, ಈಗಲೂ ಖಚಿತವಿಲ್ಲ. ಆದರೆ ಯಾರಾದರೂ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವುದು ನನಗೆ ಬರುವುದಿಲ್ಲ. ಸಂಜೆ ಕಾಲೇಜಿನಲ್ಲಿ ಮೇಷ್ಟ್ರು ನೆಗಡಿಗೆ ಕೆಮ್ಮಿದರೂ ಬರೆದುಕೊಳ್ಳುತ್ತಿದ್ದವಳು ನಾನು ಎಂದು ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ತಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಮುಂದೆ ಎರಡು ಕಬ್ಬಿಣದ ಕೈಗಳಿರುವ, ಹೊರೆಯನ್ನು ಎತ್ತಿ ಇಳಿಸುವ ಪುಟ್ಟ ಗಾಡಿ ಅದು. ಒಂದು ಬೆಳಿಗ್ಗೆ ಅವನು ಪೆಟ್ಟಿಗೆಗಳ ಹೊರೆ ಇಳಿಸುತ್ತಿದ್ದಾಗ ಎಲ್ಲರೂ ಉದ್ದಣ್ಣ ಎಂದು ಕರೆಯುತ್ತಿದ್ದ ಜೊತೆಗಾರ ಬಗ್ಗಿ ಏನನ್ನೋ ಎತ್ತಿಕೊಳ್ಳಲು ಹೋದ. ಅವನ ಪಾದದ ಮೇಲೆ ಹೊರೆ ಕೂತಿತು. ಉದ್ದಣ್ಣ ಬದುಕಿದ. ಅರ್ಧ ಪಾದ ಹೋಯಿತು. ಈಗ ಅದೇ ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ವಿಚಾರಣೆ ಮಾಡಿದವರು ಬೆಳಕು ಸಾಲದಾಗಿತ್ತು, ಯಾರ ತಪ್ಪೂ ಇಲ್ಲ ಅಂದರು. ಉದ್ದಣ್ಣ ಕೂಡ ಹಾಗೇ ಅಂದ. ನನ್ನ ತಮ್ಮ ಒಬ್ಬನೇ ಏನೂ ಅನ್ನಲಿಲ್ಲ. ಮನೆಗೆ ಬಂದು, ಗೋದಾಮಿನವರು ಕೊಟ್ಟ ದಪ್ಪ ಜಾಕೆಟ್ಟನ್ನು ಮಂಚದ ಕೆಳಗೆ ತುರುಕಿ, ಅಟ್ಟದಿಂದ ನಾವು ಚಿಕ್ಕವರಿದ್ದಾಗ ಅಪ್ಪ ತಂದಿದ್ದ ಗೇಮನ್ನು ಇಳಿಸಿದ.

ಕೆಂಪು ಟೋಪಿಯ ಕುಳ್ಳನೊಬ್ಬ ಮಲಗಿರುವ ಊರಿನ ಹೆಂಚುಗಳ ಮೇಲೆ ಓಡುತ್ತಾನೆ, ಏಣಿ ಹತ್ತುತ್ತಾನೆ, ಮುರಿದ ಸೇತುವೆಗಳನ್ನು ಹಾರುತ್ತಾನೆ. ಕೊನೆಗೆ ಗೋಪುರ ಏರಿ ಗಂಟೆ ಬಾರಿಸಿದರೆ ಊರು ಏಳುತ್ತದೆ. ಇಷ್ಟೇ ಆಟ. ಚಿಕ್ಕಂದಿನಲ್ಲಿ ಒಂದು ರಜೆಯಲ್ಲೇ ಮುಗಿಸಿದ್ದೆವು. ಆದರೆ ತಮ್ಮ ಈಗ ಆಡುತ್ತಿದ್ದದ್ದು ಮುಗಿಸುವುದಕ್ಕಲ್ಲ, ಎಷ್ಟು ಬೇಗ ಮುಗಿಸಬಹುದು ಎಂದು ನೋಡುವುದಕ್ಕೆ. ಇದಕ್ಕೆ ಸ್ಪೀಡ್‌ರನ್ ಅನ್ನುತ್ತಾರೆ. ಪ್ರಪಂಚದ ಎಲ್ಲೆಲ್ಲೋ ಕೂತವರು ಇಂಥ ಹಳೆಯ ಆಟಗಳನ್ನು ಗಡಿಯಾರ ಇಟ್ಟುಕೊಂಡು ಓಡುತ್ತಾರೆ, ವಿಡಿಯೋ ಕಳಿಸುತ್ತಾರೆ, ಒಂದು ರೆಪ್ಪೆ ಮಿಟುಕಿನಷ್ಟು ಹೊತ್ತು ಉಳಿಸುವುದಕ್ಕೆ ವರ್ಷಗಟ್ಟಲೆ ಕೂರುತ್ತಾರೆ.

ಅಷ್ಟಾದರೂ ಮಾಡಿದ್ದರೆ ನನಗೆ ಸಮಾಧಾನವಿತ್ತು. ತಮ್ಮ ಒಂದು ಸಲವೂ ಗಂಟೆಯವರೆಗೆ ಹೋಗುತ್ತಿರಲಿಲ್ಲ. ಕುಳ್ಳ ಎಲ್ಲಾದರೂ ತುಸು ಎಡವಿದರೆ, ಏಣಿಯ ಹತ್ತಿರ ಅರೆಕ್ಷಣ ನಿಂತರೆ, ತಮ್ಮನ ಬೆರಳು ರೀಸೆಟ್ ಗುಂಡಿಗೆ ಹೋಗುತ್ತಿತ್ತು. ಟುಣ್ ಎಂದು ಮೊದಲಿನ ರಾಗ. ಮತ್ತೆ ಮೊದಲ ಹೆಂಚು. ಅಡುಗೆಮನೆಯಲ್ಲಿ ಅಮ್ಮನಿಗೆ ಆ ರಾಗ ಎಷ್ಟು ಬಾಯಿಪಾಠವಾಯಿತೆಂದರೆ ಪಾತ್ರೆ ತೊಳೆಯುತ್ತಾ ಅದನ್ನೇ ಗುನುಗುತ್ತಿದ್ದಳು, ಗೊತ್ತಾದ ಕೂಡಲೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಗೋದಾಮಿನ ಮೇಸ್ತ್ರಿ ಒಂದು ಭಾನುವಾರ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಹಿಂಭಾಗದಲ್ಲಿ ಹೊಸ ಕೋಲ್ಡ್ ರೂಮು ಕಟ್ಟುತ್ತಿದ್ದಾರೆ, ಅದು ಶುರುವಾಗುವವರೆಗೆ ನಿನ್ನ ಗಾಡಿಗೆ ಬೇರೆಯವರನ್ನು ಕೂರಿಸುವುದಿಲ್ಲ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಬಿಡಿಸಿ ಹೇಳಿದರು. ತಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇದನ್ನ ಒಂದು ಸಲ ತಪ್ಪಿಲ್ದೆ ಮುಗಿಸ್ತೀನಿ. ಆಮೇಲೆ ಬರ್ತೀನಿ."

"ಎಷ್ಟು ಹೊತ್ತಿನ ಆಟ ಇದು?"

"ಅರ್ಧ ಗಂಟೆ ಒಳಗೆ."

"ಹಾಗಾದ್ರೆ ನಾಳೇನೇ ಬಾ ಮಾರಾಯ," ಎಂದು ಮೇಸ್ತ್ರಿ ನಕ್ಕರು. ಅಮ್ಮನೂ ನಕ್ಕಳು. ನಾನು ನಗಲಿಲ್ಲ. ಆ ಆಟಕ್ಕೆ ಕೂತು ಆಗಲೇ ಎಷ್ಟು ತಿಂಗಳಾಗಿದೆ ಎಂದು ಮೇಸ್ತ್ರಿಗೆ ಗೊತ್ತಿರಲಿಲ್ಲ.

ನಾನು ಕನ್ನಡಕದ ಗಾಜು ಕಡೆಯುವ ಕೆಲಸದವಳು. ದುಂಡಗಿನ ಗಾಜನ್ನು ಚಕ್ರಕ್ಕೆ ಹಿಡಿದು ಫ್ರೇಮಿನ ಆಕಾರಕ್ಕೆ ತರಬೇಕು. ಹೆಚ್ಚು ಕಡೆದರೆ ಉದುರುತ್ತದೆ, ಕಮ್ಮಿ ಕಡೆದರೆ ಒತ್ತಿ ಕೂರಿಸುವಾಗ ಒಡೆಯುತ್ತದೆ. ಒಡೆದರೂ ಆ ದಿನದ ಕೆಲಸ ನಿಲ್ಲುವುದಿಲ್ಲ, ಇನ್ನೊಂದು ಗಾಜು ತೆಗೆದುಕೊಳ್ಳಬೇಕು. ತಮ್ಮನಿಗೆ ಇದನ್ನು ಹೇಳಿಕೊಡಬೇಕು ಅನ್ನಿಸಿತು. ಆದರೆ ಉಪದೇಶ ಮಾಡಿದರೆ ಯಾರು ಕೇಳುತ್ತಾರೆ? ಅವನ ಆಟವನ್ನು ನಾನೇ ಕಲಿತರೆ ಪಕ್ಕದಲ್ಲಿ ಕೂತಾದರೂ ಹೇಳಬಹುದು ಎಂದುಕೊಂಡು, ಊಟದ ಬಿಡುವಿನಲ್ಲಿ ಫೋನಿನಲ್ಲಿ ಹುಡುಕಿದೆ. ಆ ಆಟವನ್ನು ಓಡುವವರೇ ಸೇರಿ ಹೊಸಬರಿಗೆಂದು ಬರೆದ ಒಂದು ಪುಟ ಸಿಕ್ಕಿತು. ಇಂಗ್ಲಿಷಿನಲ್ಲಿತ್ತು. ಎಂದಿನಂತೆ ಅರ್ಥವಾಗದ ಪದಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಓದಿದೆ. ಮೊದಲ ಸಾಲೇ ನನ್ನ ಮನಸ್ಸಿನಲ್ಲಿದ್ದದ್ದು: ಮೊದಲು ಪೂರ್ತಿ ಆಡಿ, ಎಷ್ಟೇ ನಿಧಾನವಾದರೂ ಸರಿ, ಕೊನೆ ಮುಟ್ಟಿ. ನನಗೆ ಕಣ್ಣಲ್ಲಿ ನೀರೇ ಬಂತು. ಪುಟದ ಕೊನೆಯಲ್ಲಿ, ಆಡಲು ಏನೇನು ಸಾಮಾನು ಬೇಕು ಎಂದು ಒಂದು ಭಾಗವಿತ್ತು. ಸಾಮಾನು ನಮ್ಮಲ್ಲಿ ಇದೆಯಲ್ಲ ಎಂದು ಅದೊಂದನ್ನು ಓದದೆ ಬಿಟ್ಟೆ.

ಆ ಸಂಜೆ ಅವನ ಪಕ್ಕ ಕೂತು, ನನಗೂ ಕಲಿಸು ಅಂದಾಗ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಕ್ಕ, ನಿಂಗೆ ಫೋನಲ್ಲಿ ಅಲಾರಂ ಇಡೋಕೆ ಬರಲ್ಲ."

"ಬರುತ್ತೆ. ಆಫ್ ಮಾಡೋಕೆ ಬರಲ್ಲ, ಅಷ್ಟೇ."

ಎಷ್ಟೋ ದಿನಗಳ ಮೇಲೆ ಅವನು ನಕ್ಕ. ಕಂಟ್ರೋಲರ್ ನನ್ನ ಕೈಗೆ ಬಂತು. ನನ್ನ ಕುಳ್ಳ ಮೊದಲ ಹೆಂಚಿನಿಂದಲೇ ಬಿದ್ದ. ಮತ್ತೆ ಎದ್ದು, ಮತ್ತೆ ಬಿದ್ದ. ಈ ವಯಸ್ಸಿಗೆ ಇವಳಿಗೆ ಬೊಂಬೆಯಾಟ ಬೇಕಾಯಿತು, ತಮ್ಮನ ಹುಚ್ಚು ಬಿಡಿಸು ಅಂದರೆ ತಾನೂ ಹಚ್ಚಿಕೊಂಡಳು ಎಂದು ಅಮ್ಮ ಬಾಗಿಲಿಗೆ ಒರಗಿ ನಿಂತು ಗೊಣಗಿದಳು. ಆದರೂ ಅಲ್ಲಿಂದ ಕದಲಲಿಲ್ಲ.

ನಾನು ರೀಸೆಟ್ ಮುಟ್ಟುತ್ತಿರಲಿಲ್ಲ. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವುದು ನನ್ನಿಂದಾಗದು. ಎಷ್ಟು ಕೆಟ್ಟರೂ ತೆವಳಿಕೊಂಡು ಮುಂದೆ ಹೋಗುತ್ತಿದ್ದೆ, ಆಟ ಕುಳ್ಳನಿಗೆ ಕೊಟ್ಟ ಪ್ರಾಣಗಳೆಲ್ಲ ಮುಗಿದರೆ ಮಾತ್ರ ನಿಲ್ಲಿಸುತ್ತಿದ್ದೆ. ತಮ್ಮನಿಗೆ ಅದನ್ನು ನೋಡಿ ಕೂರುವುದೇ ಹಿಂಸೆ. "ಬಿಡು ಅಕ್ಕ, ಅದು ಆಗಲೇ ಹಾಳಾಯ್ತು," ಅನ್ನುತ್ತಿದ್ದ. ಹಾಳಾದದ್ದನ್ನೂ ಮುಗಿಸೋಣ ಅನ್ನುತ್ತಿದ್ದೆ. ಒಂದು ಸಂಜೆ ಹೇಗೋ ಗೋಪುರ ಏರಿ ಹಗ್ಗ ಎಳೆದೆ. ಗಂಟೆಯ ಸದ್ದು ಬಂತು. ಆ ಸದ್ದು ನಮ್ಮ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಪರದೆಯ ಮೇಲೆ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ತಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅಮ್ಮ ಅಡುಗೆಮನೆಯಿಂದಲೇ, ಯಾರು ಬಂದರು, ಬಾಗಿಲು ತೆಗೆಯಿರಿ ಅಂದಳು.

ಆಮೇಲೆ ಅವನು ನಿಜವಾಗಿ ಕಲಿಸತೊಡಗಿದ. ಎಲ್ಲಿ ನಡೆಯದೆ ಹಾರಬೇಕು, ಯಾವ ಸೇತುವೆಯ ಅಂಚಿನಲ್ಲಿ ಕಾಲು ಜಾರಿದರೂ ಬೀಳುವುದಿಲ್ಲ, ಎಲ್ಲ. ಏಣಿಯ ಹತ್ತಿರ ನಾನು ಯಾವಾಗಲೂ ನಿಂತುಬಿಡುತ್ತಿದ್ದೆ.

"ಏಣಿ ಸಿಕ್ಕಿದ ಮೇಲೆ ಒತ್ತಿದ್ರೆ ತಡ ಆಯ್ತು," ಅಂದ. "ಸಿಗೋಕೆ ಮುಂಚೇನೇ ಕೈ ಹೋಗಿರ್ಬೇಕು. ಕಣ್ಣು ನೋಡಿ, ಆಮೇಲೆ ಕೈಗೆ ಹೇಳಿ, ಕೈ ಆಮೇಲೆ ಹೊರಟ್ರೆ..." ಅಲ್ಲಿಗೆ ನಿಲ್ಲಿಸಿದ. ಕುಳ್ಳ ಏಣಿಯ ಬುಡದಲ್ಲಿ ಕಾಯುತ್ತಿದ್ದ. ತಮ್ಮ ಅವನನ್ನೇ ನೋಡುತ್ತಾ ಹೇಳಿದ: "ಅವತ್ತು ನಾನು ಉದ್ದಣ್ಣನ ಕಾಲು ನೋಡಿದೆ ಅಕ್ಕ. ಬೆಳಕು ಸಾಕಷ್ಟಿತ್ತು. ನೋಡಿದೆ, ಹೊರೆ ಇಳಿಸೋ ಲಿವರ್ ಎಳೆದೆ. ನೋಡಿದ್ದಕ್ಕೂ ಎಳೆದಿದ್ದಕ್ಕೂ ಮಧ್ಯೆ ಒಂಚೂರು ಜಾಗ ಇತ್ತು. ಆ ಜಾಗ ಎಲ್ಲಿಂದ ಬಂತು ಅಂತ ಗೊತ್ತಾಗ್ತಿಲ್ಲ."

ಲಿವರ್ ಬಿಗಿಯಾಗಿತ್ತೋ ಏನೋ ಎಂದೆ. ಅವನು ತಲೆಯಾಡಿಸಿದ. ಹೌದು ಅಂದನೋ ಇಲ್ಲ ಅಂದನೋ ತಿಳಿಯಲಿಲ್ಲ. ಅವನು ದಿನವಿಡೀ ಆ ಆಟದಲ್ಲಿ ಏನನ್ನು ಅಳೆಯುತ್ತಿದ್ದಾನೆ ಎಂಬುದು ಮಾತ್ರ ಆ ಸಂಜೆ ತಿಳಿಯಿತು.

ನನ್ನನ್ನು ನೋಡಿ ನೋಡಿ ಅವನಿಗೂ ಸ್ವಲ್ಪ ನಾಚಿಕೆ ಹುಟ್ಟಿತೋ ಏನೋ, ರೀಸೆಟ್ಟು ಕಮ್ಮಿಯಾಯಿತು. ಸಣ್ಣ ತಪ್ಪಿಗೆ ಹಲ್ಲು ಕಚ್ಚಿಕೊಂಡು ಮುಂದೆ ಹೋಗತೊಡಗಿದ. ಗೋಪುರದ ಬುಡದವರೆಗೆ ಹೋದ, ಮಧ್ಯದವರೆಗೆ ಹೋದ. ಒಂದು ಶನಿವಾರ ನಾನು ಕೆಲಸದಿಂದ ಬರುವಾಗ ಮನೆಯ ಮುಂದಿನ ತಂತಿಯ ಮೇಲೆ ಗೋದಾಮಿನ ಜಾಕೆಟ್ಟು ತೋಳು ಚಾಚಿಕೊಂಡು ಒಣಗುತ್ತಿತ್ತು. ಒಳಗೆ ಅಮ್ಮ ಪಿಸುದನಿಯಲ್ಲಿ, ಅವನೇ ಒಗೆದ, ಏನೂ ಕೇಳಬೇಡ ಅಂದಳು. ಎಲ್ಲೋ ಒಂದು ಕಡೆ ಎಡವಿದ್ದು ಬಿಟ್ಟರೆ ಅವನು ಆ ದಿನ ಗಂಟೆಯವರೆಗೂ ಹೋಗಿದ್ದನಂತೆ. ಇನ್ನೊಂದು ಸಲ, ಅದೊಂದು ಎಡವು ಇಲ್ಲದೆ, ಅಷ್ಟೇ ಉಳಿದಿತ್ತು. ಹೊಸ ಕೋಲ್ಡ್ ರೂಮಿಗೆ ಬಾಗಿಲು ಕೂರಿಸುತ್ತಿದ್ದಾರೆ ಎಂದು ಮೇಸ್ತ್ರಿ ಹೇಳಿಕಳಿಸಿದ್ದರು. ಹೊತ್ತು ಇತ್ತು.

ನಾನು ಸುಮ್ಮನಿದ್ದಿದ್ದರೆ ಸಾಕಿತ್ತು.

ನಮ್ಮ ಟಿವಿ ಗೇಮಿನಷ್ಟೇ ಹಳೆಯದು, ಹಿಂದೆ ಗೂನು ಇರುವ ದಪ್ಪ ಪೆಟ್ಟಿಗೆ. ಎಡಗಡೆಯ ಮೂಲೆ ಹಸಿರಾಗಿತ್ತು. ಧಾರಾವಾಹಿಯಲ್ಲಿ ಯಾರೇ ಎಡಕ್ಕೆ ಸರಿದರೂ ಕಾಮಾಲೆ ಬಂದವರಂತೆ ಕಾಣುತ್ತಾರೆ ಎಂದು ಅಮ್ಮನ ಗೋಳು. ಊರವರ ಕಣ್ಣಿಗೆಲ್ಲ ಗಾಜು ಕಡೆಯುವ ನಾನು ತಮ್ಮನನ್ನು ಇಂಥ ಪರದೆಯ ಮುಂದೆ ಕೂರಿಸಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಅವನ ಕೊನೆಯ ಓಟ ಸ್ವಚ್ಛವಾಗಿ ಕಾಣಲಿ ಎಂದು ನನ್ನ ಬೋನಸ್ಸಿನಲ್ಲಿ ಅಗಲವಾದ, ತೆಳ್ಳನೆಯ ಹೊಸ ಟಿವಿ ತಂದೆ. ಅಂಗಡಿಯವನು ಹಳೆಯದನ್ನು ಎಕ್ಸ್‌ಚೇಂಜಿಗೆ ಹೊತ್ತುಕೊಂಡು ಹೋದ. ತಮ್ಮ ಹೊರಗೆ ಹೋಗಿದ್ದ ಹೊತ್ತು ನೋಡಿಯೇ ಇದೆಲ್ಲ ಮಾಡಿದೆ. ಬಂದವನು ಬಾಗಿಲಲ್ಲೇ ನಿಂತ. ಕುಳ್ಳನ ಟೋಪಿಯ ಮೇಲೆ ಒಂದು ಗರಿ ಇದೆ ಎಂದು ನಮಗಿಬ್ಬರಿಗೂ ಗೊತ್ತಾದದ್ದು ಆಗಲೇ. "ಅಕ್ಕ, ನೀನೊಬ್ಳು," ಅಂದ. ಅವನ ಮುಖ ಬೆಳಗಿತ್ತು. ಆ ಮುಖ ನೆನಪಾದರೆ ಈಗ ಅನ್ನ ಇಳಿಯುವುದಿಲ್ಲ.

ಅವನು ಕೂತು ಶುರು ಮಾಡಿದ. ಎರಡನೆಯ ಸೇತುವೆಯಲ್ಲಿ ಬಿದ್ದ. ಅಲ್ಲಿ ಅವನು ಎಂದೂ ಬೀಳುತ್ತಿರಲಿಲ್ಲ. ನಕ್ಕ, ರೀಸೆಟ್ ಮಾಡಿದ. ಮತ್ತೆ ಅಲ್ಲೇ ಬಿದ್ದ. ಏಣಿಯ ಹತ್ತಿರ ಕುಳ್ಳ ನನ್ನ ಕುಳ್ಳನಂತೆಯೇ ನಿಂತ. ಮೂರು ದಿನ ಹೀಗೇ ಆಯಿತು. ನಗು ಮೊದಲು ಹೋಯಿತು, ಮಾತು ಆಮೇಲೆ. ಗುಂಡಿ ಒತ್ತಿ, ಒತ್ತಿದ ಹೆಬ್ಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಳ್ಳುತ್ತಿದ್ದ, ಯಾರದೋ ಬೆರಳು ತನ್ನ ಕೈಗೆ ಅಂಟಿಕೊಂಡಿದೆಯೇನೋ ಎಂಬಂತೆ. ನಾನು ಆಡಿ ನೋಡಿದೆ. ನನಗೇನೂ ಬೇರೆ ಅನ್ನಿಸಲಿಲ್ಲ. ನಾನು ಮೊದಲೇ ತಡ. ಅದರ ಮೇಲೆ ಇನ್ನೊಂದು ಚೂರು ತಡವಾದರೆ ನನಗೆ ತಿಳಿಯುವುದೆಲ್ಲಿಂದ?

ನಾಲ್ಕನೆಯ ದಿನ ಬೆಳಿಗ್ಗೆ ಅವನು ಕಂಟ್ರೋಲರನ್ನು ನೆಲದ ಮೇಲಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವತ್ತೇ ಊಟದ ಬಿಡುವಿನಲ್ಲಿ ನಾನು ಆ ಪುಟವನ್ನು ಮತ್ತೆ ತೆಗೆದೆ. ಓದದೆ ಬಿಟ್ಟ ಭಾಗದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹೊಸ ತೆಳು ಟಿವಿಗಳಲ್ಲಿ ಆಡಬೇಡಿ. ಅವು ಹಳೆಯ ಯಂತ್ರದ ಚಿತ್ರವನ್ನು ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುತ್ತವೆ. ಅಷ್ಟರಲ್ಲಿ ರೆಪ್ಪೆ ಮಿಟುಕಿನಷ್ಟು ಹೊತ್ತು ಕಳೆದಿರುತ್ತದೆ. ಹಳೆಯ ದಪ್ಪ ಟಿವಿಯಲ್ಲಿ ಕಲಿತ ಕೈ ಅದರಲ್ಲಿ ಪ್ರತಿ ಸಲವೂ ತಪ್ಪುತ್ತದೆ. ಹಳೆಯ ಟಿವಿ ಇದ್ದರೆ ಜೋಪಾನ ಮಾಡಿ.

ರಜೆ ಹಾಕಿ ಟಿವಿ ಅಂಗಡಿಗೆ ಓಡಿದೆ. ಎಕ್ಸ್‌ಚೇಂಜಿನವು ಗುಜರಿಗೆ ಹೋಗುತ್ತವೆ ಮೇಡಂ, ಅದರಲ್ಲಿ ಫೋಟೋ ಗೀಟೋ ಇಟ್ಟಿದ್ದಿರಾ ಎಂದು ಅಂಗಡಿಯವನು ಕೇಳಿದ. ಗುಜರಿಯಲ್ಲಿ ನಮ್ಮದು ಸಿಕ್ಕಿತು. ತಾಮ್ರ ಬಿಚ್ಚಿಕೊಂಡು ಗಾಜನ್ನು ಗೋಡೆಗೆ ಒರಗಿಸಿದ್ದರು. ಮೂಲೆಯಲ್ಲಿ ಹಸಿರಿರಲಿಲ್ಲ, ಬರೀ ಬೂದು.

ಮನೆಗೆ ಬಂದು ಕೋಣೆಯ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದೆ. ಆ ಪುಟವನ್ನು ಫೋನಿನಲ್ಲೇ ತೋರಿಸಿದೆ. ಅವನು ಪೂರ್ತಿ ಓದಿದ. ಫೋನು ವಾಪಸ್ಸು ಕೊಟ್ಟ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ಅವತ್ತು ಲಿವರ್ ಬಿಗಿ ಇತ್ತು ಅಂದೆ. ಇವತ್ತು ಟಿವಿ ತಡ ಅಂತೀಯ. ನನ್ನ ಕೈಯೊಂದನ್ನ ಬಿಟ್ಟು ಎಲ್ಲದರ ಮೇಲೂ ತಪ್ಪು ಹೊರಿಸ್ತೀಯಲ್ಲ, ಅಕ್ಕ."

"ಇದು ನಾನು ಹೇಳಿದ್ದಲ್ಲ ಕಣೋ. ಬೇರೆಯವರು ಬರೆದಿರೋದು."

"ಹುಡುಕಿದ್ದು ನೀನಲ್ವಾ."

ಮಾತು ಬೆಳೆಸುವುದಕ್ಕಿಂತ ತೋರಿಸುವುದೇ ಮೇಲು ಅನ್ನಿಸಿತು. ಗುಜರಿಯವನನ್ನು ಕಾಡಿ ಬೇಡಿ, ಇನ್ನೂ ಉಸಿರಾಡುತ್ತಿದ್ದ ಒಂದು ದಪ್ಪ ಟಿವಿ ತಂದೆ. ಮಹಡಿ ಹತ್ತಿಸುವಾಗ ಹಮಾಲಿಯವನು, ಜನ ಇಳಿಸೋದನ್ನ ನೀವು ಏರಿಸ್ತಿದ್ದೀರಲ್ಲಮ್ಮ ಅಂದ. ಗೇಮು ಜೋಡಿಸಿದೆ. ಮೊದಲಿನ ರಾಗ ಬಂತು. ತಮ್ಮ ಕೋಣೆಯಿಂದ ಬಂದು ಹೊಸ್ತಿಲ ಮೇಲೆ ನಿಂತ. ಕಂಟ್ರೋಲರನ್ನು ಅವನತ್ತ ಚಾಚಿದೆ. ಒಂದೇ ಒಂದು ಸೇತುವೆ ಸಾಕು, ಅದನ್ನು ಹಾರಿದರೆ ಸಾಕು, ತಪ್ಪು ಯಾರದೆಂದು ಗೊತ್ತಾಗುತ್ತದೆ ಅಂದೆ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದು ನಿಂತಳು.

ಅವನು ಕೈ ಚಾಚಿದ. ಕಂಟ್ರೋಲರಿನ ತಂತಿ ಮುಟ್ಟುವಷ್ಟು ಹತ್ತಿರ ಬಂದ ಕೈ ಅಲ್ಲೇ ನಿಂತಿತು.

"ಇದರಲ್ಲೂ ತಪ್ಪಿದ್ರೆ?"

ತಪ್ಪುವುದಿಲ್ಲ ಎನ್ನಬಹುದಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಬೇರೆ ಯಾವ ಅಕ್ಕನಾದರೂ ಹೇಳುತ್ತಿದ್ದಳು. ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ, ಅಷ್ಟರಲ್ಲಿ ಅವನಿಗೆ ಬೇಕಾದ ಉತ್ತರ ಸಿಕ್ಕಿರಬೇಕು. ಕೈ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದ.

ಆ ಟಿವಿಯನ್ನು ಅವನು ಮುಟ್ಟಲೇ ಇಲ್ಲ. ಹೊಸ ಟಿವಿ ಅಮ್ಮನ ಕೋಣೆಗೆ ಹೋಯಿತು. ಎಲ್ಲರ ಮುಖವೂ ಈಗ ಸರಿಯಾದ ಬಣ್ಣದಲ್ಲಿ ಕಂಡರೂ ಅಮ್ಮ ಅದನ್ನು ಹಾಕುವುದನ್ನೇ ಬಿಟ್ಟಳು. ನಾನು ಸಂಜೆ ಬಂದು ಕೈಕಾಲು ತೊಳೆದು ಹಳೆಯ ಟಿವಿಯ ಮುಂದೆ ಕೂರುತ್ತಿದ್ದೆ. ಸದ್ದು ಜೋರಾಗಿಯೇ ಇಡುತ್ತಿದ್ದೆ. ಹೊರಗೆ ಆಟ ನಡೆದಿದೆ ಎಂದು ಗೊತ್ತಾದರೆ ಒಂದು ದಿನ ತಡೆಯಲಾರದೆ ಬಂದು, ಹಾಗಲ್ಲ ಅಕ್ಕ, ಕೊಡು ಇಲ್ಲಿ ಅಂದಾನು ಎಂಬ ಆಸೆ. ಎಡವುತ್ತಾ ಬೀಳುತ್ತಾ ಪ್ರತಿ ಸಂಜೆ ಗೋಪುರ ಹತ್ತಿ ಗಂಟೆ ಬಾರಿಸುತ್ತಿದ್ದೆ. ಪರದೆಯ ಮೇಲಿನ ಊರು ಏಳುತ್ತಿತ್ತು. ಕೋಣೆಯ ಬಾಗಿಲು ತೆರೆಯುತ್ತಿರಲಿಲ್ಲ.

ಕೋಲ್ಡ್ ರೂಮು ಶುರುವಾದ ವಾರ ಮೇಸ್ತ್ರಿ ಬಂದರು. ಈ ಸಲ ಕೂರಲಿಲ್ಲ. ಅವರು ಹೇಳಬೇಕಾದ್ದನ್ನು ಹೇಳುವ ಮೊದಲೇ ತಮ್ಮ ಬಾಗಿಲನ್ನು ಒಂದು ಗೇಣು ತೆರೆದು, ಮಡಿಸಿದ ಜಾಕೆಟ್ಟನ್ನೂ ಅದರ ಮೇಲೆ ಗಾಡಿಯ ಕೀಲಿಯನ್ನೂ ಹೊರಗೆ ನೀಡಿದ. ತೋಳುಗಳನ್ನು ಒಳಗೆ ಸೇರಿಸಿ, ಅಂಗಡಿಯಲ್ಲಿ ಇಟ್ಟಂತೆ ನೀಟಾಗಿ ಮಡಿಸಿದ್ದ. ಮೇಸ್ತ್ರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಉದ್ದಣ್ಣ ಗೇಟಿನಲ್ಲಿ ದಿನಾ ನಿನ್ನನ್ನೇ ಕೇಳುತ್ತಾನೆ ಎಂದು ಮುಚ್ಚಿದ ಬಾಗಿಲಿಗೆ ಹೇಳಿದರು. ಆಮೇಲೆ ಎಲ್ಲಿ ನೋಡಬೇಕೆಂದು ತೋಚದೆ ಟಿವಿಯ ಕಡೆ ತಿರುಗಿದರು. ನನ್ನ ಕೈಯಲ್ಲಿ ಕಂಟ್ರೋಲರ್ ಇತ್ತು. ಅವರು ಬಾಗಿಲು ತಟ್ಟಿದಾಗ ನಿಲ್ಲಿಸಿದ್ದ ಕುಳ್ಳ ಸೇತುವೆಯ ಅಂಚಿನಲ್ಲಿ ಒಂದು ಕಾಲೆತ್ತಿಕೊಂಡಿದ್ದ.

"ಇದು ಮುಗಿದ್ರೆ ಏನಾಗುತ್ತಮ್ಮ?"

"ಗಂಟೆ ಬಾರಿಸ್ತಾನೆ."

"ಅಷ್ಟೇನಾ?"

"ಅಷ್ಟೇ."

ಅವರು ತಲೆದೂಗಿ ಮೆಟ್ಟಿಲಿಳಿದು ಹೋದರು. ಅಮ್ಮ ಬಾಗಿಲು ಹಾಕಿಕೊಂಡು ಅಡುಗೆಮನೆಗೆ ಹೋದಳು, ಅಲ್ಲಿ ನಲ್ಲಿ ಬಿಟ್ಟ ಸದ್ದು ಬಂತು. ಪಾತ್ರೆಯ ಸದ್ದು ಬರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ನಾನು ಆಟ ಮುಂದುವರಿಸಿದೆ. ಕುಳ್ಳ ಸೇತುವೆ ಹಾರಿದ. ಹೆಂಚಿನ ಮೇಲೆ ಓಡಿದ. ಏಣಿಯ ಹತ್ತಿರ, ಯಾವಾಗಲೂ ನಿಲ್ಲುವ ಕಡೆ, ನಿಂತ. ಎಂದಿಗಿಂತ ಹೆಚ್ಚೇನಲ್ಲ, ಒಂಚೂರು.

ನನ್ನ ಬೆರಳು ರೀಸೆಟ್ ಒತ್ತಿತ್ತು. ನಾನು ಒತ್ತಬೇಕೆಂದು ಯೋಚಿಸಲೂ ಇಲ್ಲ.

ಟುಣ್ ಎಂದು ಮೊದಲಿನ ರಾಗ. ಗೋಡೆಯಾಚೆ ಮಂಚ ಕಿರುಗುಟ್ಟಿತು. ಬಾಗಿಲ ಹಿಂದಿನಿಂದ ತಮ್ಮನ ದನಿ ಬಂತು, ಎಷ್ಟೋ ದಿನಗಳಿಂದ ಮಾತಾಡದ ಗಂಟಲಿನ ದನಿ.

"ಈಗ ನೀನೂ ಕಲಿತೆ ಅಕ್ಕ."

ನಾನು ಕಾದೆ. ಮೊದಲ ಹೆಂಚಿನ ಮೇಲೆ ಕುಳ್ಳ ನಿಂತಿದ್ದ, ಈ ಹಳೆಯ ಪರದೆಯಲ್ಲಿ ಟೋಪಿಯ ಗರಿ ಕಾಣುತ್ತಿರಲಿಲ್ಲ. ರಾಗ ಮುಗಿದು ಮತ್ತೆ ಶುರುವಾಯಿತು.